ಕೇಳುವ ಕೆಲಸ

ಚೆಕಿಂಗ್ ಸಾಹೇಬರಿಗೆ ಅವರ ಸ್ವಂತ ಮಗಳ ಮನೆಯಿಂದಲೇ ಬಹಿಷ್ಕಾರವಾಯಿತು. ಬಹಿಷ್ಕಾರ ಹಾಕಿದ್ದು ಮಗಳಲ್ಲ, ಅಳಿಯನಲ್ಲ, ಬೀಗಿತ್ತಿಯೂ ಅಲ್ಲ; ಇಷ್ಟು ವರ್ಷ ಅವರನ್ನು ಕಟ್ಟಿಕೊಂಡು ಬಾಳಿದ ಮನೆಯಾಕೆ. ಹೀಗಾಗಿ ಮೇಲ್ಮನವಿ ಸಲ್ಲಿಸುವುದಕ್ಕೆ ಯಾವ ಜಾಗವೂ ಉಳಿದಿರಲಿಲ್ಲ.

ಸಾಹೇಬರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದು ನಿವೃತ್ತರಾದವರು. ಹೊಲಗಳ ನಡುವೆ, ಮರದ ನೆರಳೂ ಇಲ್ಲದ ತಿರುವಿನಲ್ಲಿ ನಿಂತು, ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ, ಕುಳಿತವರನ್ನೂ ನಿಂತವರನ್ನೂ ಕೇಳುವುದು ಅವರ ಉದ್ಯೋಗ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ, ಟಿಕೆಟ್ ಎಲ್ಲಿ, ಈ ಮಗುವಿಗೆ ವಯಸ್ಸೆಷ್ಟು, ನಿಜವಾಗಿ ಎಷ್ಟು. ನಿವೃತ್ತಿಯ ದಿನ ಇಲಾಖೆ ಬಸ್ಸನ್ನು ವಾಪಸು ಪಡೆಯಿತು, ಪ್ರಶ್ನೆಗಳನ್ನು ಅವರ ಬಳಿಯೇ ಬಿಟ್ಟಿತು. ಹಾಲು ತರುವವನು ಎಷ್ಟು ಹೊತ್ತಿಗೆ ಹೊರಟೆ ಎಂಬುದಕ್ಕೆ ಲೆಕ್ಕ ಒಪ್ಪಿಸಬೇಕಾಯಿತು. ದಾರಿಯಲ್ಲಿ ಸಿಕ್ಕ ಪರಿಚಯದವರು ಎದುರು ಬದಿಗೆ ದಾಟಿ ಹೋಗುವುದನ್ನು ಕಲಿತರು. ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಆಮೇಲೆ ಎರಡು ಬೀದಿ ಆಚೆ ಇದ್ದ ಮಗಳಿಗೆ ಮಗುವಾಯಿತು.

ಸಾಹೇಬರು ಮನೆಯಾಕೆಯ ಜೊತೆ ಮೊಮ್ಮಗಳನ್ನು ನೋಡಲು ಹೋದರು. ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕುಳಿತು, ಕನ್ನಡಕ ಒರೆಸಿಕೊಂಡು ಶುರುಮಾಡಿದರು. "ಬೆಳಿಗ್ಗೆ ಎಷ್ಟೊತ್ತಿಗೆ ಎದ್ದಿತು? ತಾನಾಗೇ ಎದ್ದಿತೋ, ಯಾರಾದ್ರೂ ಎಬ್ಬಿಸಿದ್ರೋ? ಹಾಲು ಕುಡಿದ ಮೇಲೆ ತೇಗಿತಾ? ತೇಗಿದ್ದು ಯಾರು ಕೇಳಿಸಿಕೊಂಡ್ರು? ಈ ಬಟ್ಟೆ ಒಣಗಿದೆ ಅಂತ ಮುಟ್ಟಿ ನೋಡಿದವರು ಯಾರು?" ನಿದ್ದೆಯಿಲ್ಲದೆ ಮಗಳ ಕಣ್ಣುಗಳು ಕೆಂಪಾಗಿದ್ದವು. ಮೊದಲು ಉತ್ತರ ಕೊಟ್ಟಳು, ಆಮೇಲೆ ತಲೆಯಾಡಿಸಿದಳು, ಆಮೇಲೆ ಅತ್ತಳು. ಅವಳು ಅತ್ತಿದ್ದಕ್ಕೆ ಮಗು ಎದ್ದು ಅತ್ತಿತು. "ಈಗ ಮೊದಲು ಅತ್ತಿದ್ದು ಯಾರು?" ಎಂದು ಸಾಹೇಬರು ಕೇಳಿದರು.

ಮನೆಗೆ ಬರುವ ದಾರಿಯಲ್ಲಿ ಮನೆಯಾಕೆ ಬೀದಿ ಮಧ್ಯದಲ್ಲೇ ನಿಂತಳು.

"ರೀ, ಇನ್ನು ಮೇಲೆ ನೀವು ಆ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ. ಬಾಣಂತಿ ಹುಡುಗಿ ಅದು, ಕಟಕಟೆಯಲ್ಲಿ ನಿಂತ ಕಳ್ಳಿ ಅಲ್ಲ. ಬಾಯಿ ಮುಚ್ಕೊಂಡು ಕೂರೋದು ಕಲಿತ ಮೇಲೆ ಮಗು ಮುಖ ನೋಡಿ."

"ಎಷ್ಟು ದಿನ?"

"ನೋಡಿ, ಇದೂ ಪ್ರಶ್ನೆ!"

ಸಾಹೇಬರು ಮುಂದಿನ ವಾರವಿಡೀ ಮಗಳ ಬೀದಿಯ ತುದಿಯವರೆಗೆ ಹೋಗಿ, ಅಲ್ಲಿಯ ಬ್ರೆಡ್ ಅಂಗಡಿಯ ಮುಂದೆ ನಿಂತು, ಮಗಳ ಮನೆಯ ಕಿಟಕಿಯ ಕಡೆ ನೋಡಿ ವಾಪಸು ಬಂದರು. ದಿನಾ ನಿಲ್ಲುವುದಕ್ಕೆ ಕಾರಣ ಬೇಕೆಂದು ದಿನಾ ಬ್ರೆಡ್ ತಂದರು. ಮನೆಯಲ್ಲಿ ಬ್ರೆಡ್ ಬೂಷ್ಟು ಹಿಡಿಯತೊಡಗಿತು.

ಹಾಗೆ ನಿಂತಿದ್ದಾಗ ಕಂಡದ್ದು, ಪಕ್ಕದ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ್ದ ಕಾಗದ. ಮಹಡಿಯ ಮೇಲಿರುವ ಪೋಷಕರ ಸಹಾಯವಾಣಿಗೆ ಸ್ವಯಂಸೇವಕರು ಬೇಕಾಗಿದ್ದಾರೆ, ಮಕ್ಕಳನ್ನು ಸಾಕುವವರ ಕಷ್ಟಸುಖ ಕೇಳುವ ತಾಳ್ಮೆ ಇರಬೇಕು, ತರಬೇತಿ ಕೊಡಲಾಗುವುದು. ತಾಳ್ಮೆಯ ತರಬೇತಿ ಪಡೆದು ಬಂದರೆ ಮನೆಯಾಕೆ ಏನೂ ಹೇಳುವಂತಿಲ್ಲ ಎಂದು ಸಾಹೇಬರು ಲೆಕ್ಕ ಹಾಕಿದರು. ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೆಟ್ಟಿಲು ಹತ್ತಿದರು.

ಸಹಾಯವಾಣಿ ಅಂದರೆ ಒಂದು ಕೋಣೆ. ಒಂದು ಉದ್ದನೆಯ ಮೇಜು, ಎರಡು ಫೋನು, ನೀರಿನ ಹೂಜಿ, ಕಾಲು ಅಲ್ಲಾಡುವ ಮೂರು ಕುರ್ಚಿ. ಕೆಳಗೆ ಗಿರಣಿ ಓಡಿದಾಗ ಕಿಟಕಿ ಗಾಜು ನಡುಗುತ್ತಿತ್ತು. ಎಷ್ಟು ಒರೆಸಿದರೂ ಫೋನಿನ ಮೇಲೆ ತೆಳ್ಳಗೆ ಹಿಟ್ಟು ಕೂರುತ್ತಿತ್ತು. ಇದನ್ನೆಲ್ಲ ನಡೆಸುತ್ತಿದ್ದವರು ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಒಬ್ಬ ಮೇಡಂ. ಬೆಳಗಿನ ಪಾಳಿಗೆ ಹೊಲಿಗೆ ಕೆಲಸದ ಟೈಲರಮ್ಮ ಬರುತ್ತಿದ್ದಳು. ಮಧ್ಯಾಹ್ನದ ಪಾಳಿಗೆ ಜನ ಇರಲಿಲ್ಲ. ಮೇಡಂ ಮರುದಿನವೇ ಒಂದು ವಾರದ ಮಟ್ಟಿಗೆ ಪರಸ್ಥಳದ ಸಭೆಗೆ ಹೊರಡಬೇಕಿತ್ತು. ಸಾಹೇಬರ ಬಿಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ, ಕಂಕುಳ ಬ್ರೆಡ್ಡು ನೋಡಿ ಅವರಿಗೆ ಸಂಸಾರಸ್ಥ ಮನುಷ್ಯ ಅನ್ನಿಸಿತು.

"ನೋಡಿ, ಇಲ್ಲಿಗೆ ಫೋನ್ ಮಾಡೋ ತಾಯಂದಿರಿಗೆ ಬುದ್ಧಿ ಹೇಳೋಕೆ ಮನೆ ತುಂಬ ಜನ ಇದ್ದಾರೆ," ಎಂದರು ಮೇಡಂ. "ಅತ್ತೆ ಹೇಳ್ತಾರೆ, ನಾದಿನಿ ಹೇಳ್ತಾಳೆ, ಎದುರುಮನೆಯವಳೂ ಬಂದು ಹೇಳ್ತಾಳೆ. ಕೇಳೋರು ಒಬ್ಬರೂ ಇಲ್ಲ. ಅದಕ್ಕೇ ನಾವಿರೋದು. ನಮ್ಮ ತರಬೇತಿ ಎಲ್ಲ ಎರಡೇ ಮಾತು. ಹೇಳಬೇಡಿ. ಕೇಳಿ."

ಸಾಹೇಬರಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಕೇಳಬೇಕಾ ಮೇಡಂ?"

"ಕೇಳಬೇಕು. ಅದೊಂದೇ ಕೆಲಸ."

"ಎಷ್ಟು ಹೊತ್ತು?"

"ಅವರ ಮನಸ್ಸಲ್ಲಿರೋದೆಲ್ಲ ಹೊರಗೆ ಬರೋ ತನಕ."

"ಅವರು ಅತ್ತುಬಿಟ್ರೆ?"

"ಅತ್ತರೂ ಕೇಳಿ."

"ಸುಮ್ಮನಾಗಿಬಿಟ್ರೆ?"

"ಸುಮ್ಮನಾದಾಗಲೇ ಇನ್ನೂ ಜಾಸ್ತಿ ಕೇಳಬೇಕು," ಎಂದರು ಮೇಡಂ. "ಅದು ಎಲ್ಲರಿಗೂ ಬರೋದಿಲ್ಲ."

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಸರ್ವೀಸಿನುದ್ದಕ್ಕೂ ಪ್ರಯಾಣಿಕರು ಅವರನ್ನು ನೋಡಿ ಮುಖ ಸಿಂಡರಿಸಿದ್ದರು, ಕಂಡಕ್ಟರುಗಳು ಬೆನ್ನ ಹಿಂದೆ ಆಡಿಕೊಂಡಿದ್ದರು, ಹೆತ್ತ ಮಗಳು ಅತ್ತಿದ್ದಳು. ಇಲ್ಲಿ ಓದಿದ ಹೆಣ್ಣುಮಗಳೊಬ್ಬರು, ಕೇಳಿ, ಇನ್ನೂ ಕೇಳಿ, ಅತ್ತರೂ ಬಿಡಬೇಡಿ ಅನ್ನುತ್ತಿದ್ದಾರೆ. "ಮೇಡಂ, ಈ ಕೆಲಸಕ್ಕೆ ನಾನು ಹುಟ್ಟಿನಿಂದಲೇ ತಯಾರಾಗಿದ್ದೀನಿ," ಎಂದರು. ಮೇಡಂ ಇಂಥ ಶ್ರದ್ಧೆಯನ್ನು ಹಿಂದೆ ಕಂಡಿರಲಿಲ್ಲ.

ಮನೆಗೆ ಬಂದವರೇ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಎದೆ ಸೆಟೆಸಿ ನಿಂತರು.

"ಏ, ಇಲ್ಲಿ ಬಾ. ನಾಳೆಯಿಂದ ನನ್ನ ಕೆಲಸ ಏನು ಗೊತ್ತಾ? ಕೇಳೋದು. ಹೇಳೋ ಹಾಗಿಲ್ಲ, ಕೇಳೋದು ಮಾತ್ರ. ಸಂಸ್ಥೆಯೋರೇ ತರಬೇತಿ ಕೊಟ್ಟಿದ್ದಾರೆ."

ಮನೆಯಾಕೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಕೇಳೋದಾ? ನೀವಾ? ಬಾಯಿಗೆ ಬಂದ ಮಾತು ಆಡದೆ?"

"ಸುಮ್ಮನೆ ಕೇಳೋದು. ಅವರು ಅತ್ತರೂ ಕೇಳಬೇಕಂತೆ."

"ಅಯ್ಯೋ, ಈ ಬುದ್ಧಿ ಮೊದಲೇ ಬಂದಿದ್ರೆ!" ಎಂದು ಮನೆಯಾಕೆ ಕಣ್ಣು ಒರೆಸಿಕೊಂಡಳು. ಹೊರಗೆ ಹೋಗಿ ಬೇಲಿಯ ಮೇಲಿಂದ ಎದುರುಮನೆಯವಳನ್ನು ಕರೆದು ಹೇಳಿದಳು. ಆಮೇಲೆ ಮಗಳಿಗೆ ಫೋನು ಮಾಡಿದಳು. "ನಿಮ್ಮಪ್ಪ ಬದಲಾಗಿದ್ದಾರೆ ಕಣೇ. ಕೇಳೋದು ಕಲೀತಿದ್ದಾರೆ. ಬರೋ ಭಾನುವಾರ ಕರ್ಕೊಂಡು ಬರ್ಲಾ?" ಮಗಳು, ಬರಲಿ ಎಂದಳು. ಗಂಡಹೆಂಡತಿ ಒಂದೇ ಮಾತಿನ ಮೇಲೆ ಇಷ್ಟು ಸಂತೋಷಪಟ್ಟದ್ದು ಆ ಮನೆಯಲ್ಲಿ ಅಪರೂಪ. ಆ ಮಾತು ಇಬ್ಬರಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಬಿಟ್ಟರೆ ಕೊರತೆ ಏನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಟೈಲರಮ್ಮ ಕುರ್ಚಿ ಬಿಟ್ಟು ಎದ್ದು ಹೋದ ಮೇಲೆ ಮೊದಲ ಕರೆ ಬಂತು. ಎಳೆಯ ಹೆಂಗಸಿನ ದನಿ. ಹಿಂದೆ ಮಗುವಿನ ಅಳು.

"ಸಾರ್, ಮಗು ಮಧ್ಯಾಹ್ನ ಆದ್ರೆ ಸಾಕು, ಅಳೋಕೆ ಶುರು ಮಾಡುತ್ತೆ. ನಂಗೆ ತಲೆ ಕೆಟ್ಟು ಹೋಗಿದೆ."

"ಹೂಂ. ಅಳು ಎಲ್ಲಿ ಹತ್ತಿತು?"

"ಏನ್ ಸಾರ್?"

"ಅಂದ್ರೆ, ಎಲ್ಲಿ ಶುರುವಾಯ್ತು? ತೊಟ್ಟಿಲಲ್ಲೋ, ತೊಡೆ ಮೇಲೋ?"

"ತೊಟ್ಟಿಲಲ್ಲಿ."

"ಎಲ್ಲಿಗೆ ನಿಂತಿತು?"

"ನಿಂತಿಲ್ವಲ್ಲ ಸಾರ್, ಅದಕ್ಕೇ ಫೋನ್ ಮಾಡಿರೋದು."

"ಮಗುವಿಗೆ ವಯಸ್ಸೆಷ್ಟು?"

"ಎರಡು ತಿಂಗಳು."

"ನಿಜವಾಗಿ ಎಷ್ಟು?"

ಆ ತಾಯಿ ಗಾಬರಿಯಾಗಿ ಗಂಡನನ್ನು ಕೂಗಿದಳು. ಗಂಡನೂ ಎರಡೇ ತಿಂಗಳು ಎಂದು ಸಾಕ್ಷಿ ಹೇಳಿದ. ಸಾಹೇಬರು ಮುಂದುವರಿದರು. ಅಳುವಾಗ ಮುಖ ಯಾವ ಕಡೆ ಇರುತ್ತದೆ? ಎಡಕ್ಕೋ, ಬಲಕ್ಕೋ? ನೋಡಿಲ್ಲವೇ? ಯಾಕೆ ನೋಡಿಲ್ಲ? ತಾಯಿ ಸುಮ್ಮನಾದಳು. ಸುಮ್ಮನಾದಾಗ ಜಾಸ್ತಿ ಕೇಳಬೇಕು ಎಂಬುದು ನೆನಪಿಗೆ ಬಂದು ಸಾಹೇಬರು ಜಾಸ್ತಿ ಕೇಳಿದರು. ಕೊನೆಗೆ ಅವಳು, "ನೋಡಿ ಹೇಳ್ತೀನಿ ಸಾರ್, ತಪ್ಪಾಯ್ತು," ಎಂದು ಫೋನಿಟ್ಟಳು. ಸಾಹೇಬರು ತೃಪ್ತಿಯಿಂದ ಒಂದು ಲೋಟ ನೀರು ಕುಡಿದರು.

ಎರಡನೆಯ ಕರೆ ಒಬ್ಬ ತಂದೆಯದು. ಲಾರಿ ಓಡಿಸುವವನಂತೆ.

"ಸಾರ್, ನನ್ನ ಮಗ ಮಾತೇ ಕೇಳೋದಿಲ್ಲ."

"ಯಾಕೆ ಕೇಳೋದಿಲ್ಲ ಅಂತ ನೀವು ಕೇಳಿದ್ರಾ?"

"ಕೇಳ್ದೆ ಸಾರ್."

"ಏನಂದ?"

"ಕೇಳಿಸ್ಲಿಲ್ಲ ಅಂದ."

"ಮತ್ತೆ ಕೇಳಬೇಕಿತ್ತು."

"ಮತ್ತೆ ಕೇಳಿದ್ದಕ್ಕೆ, ನೀವ್ಯಾರು ಕೇಳೋಕೆ ಅಂದ ಸಾರ್. ಅದಕ್ಕೆ ನಿಮ್ಮನ್ನ ಕೇಳೋಣ ಅಂತ."

"ನಮ್ಮನ್ನ ಕೇಳೋ ಹಾಗಿಲ್ಲ," ಎಂದರು ಸಾಹೇಬರು ಖಡಾಖಂಡಿತವಾಗಿ. "ಇಲ್ಲಿ ಕೇಳೋದು ನಮ್ಮ ಕೆಲಸ. ಮಗ ಎಷ್ಟನೇ ತರಗತಿ? ಅವನಿಗೆ ಪಾಠ ಹೇಳೋರು ಯಾರು? ಅವನ ಸ್ನೇಹಿತರು ಯಾರ್ಯಾರು?"

ಲಾರಿಯವನಿಗೆ ಮಗನ ತರಗತಿ ನೆನಪಿರಲಿಲ್ಲ. "ಒಂದ್ನಿಮಿಷ ಸಾರ್," ಎಂದು ಹೆಂಡತಿಯನ್ನು ಕೂಗಿ ಕೇಳಿದ. ಗಂಡನಿಗೆ ಮಗನ ತರಗತಿ ಗೊತ್ತಿಲ್ಲ ಎಂಬುದು ಹೆಂಡತಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಆ ಮನೆಯಲ್ಲಿ ನಡೆದದ್ದರ ಪೈಕಿ ಒಂದಷ್ಟು ಭಾಗ ಫೋನಿನಲ್ಲಿ ಕೇಳಿಸಿತು.

ಮೂರನೆಯ ದಿನ ಮೇಡಂ ಫೋನು ಮಾಡಿದರು. "ಹೇಗೆ ನಡೀತಿದೆ?"

"ಚೆನ್ನಾಗಿ ಕೇಳ್ತಿದ್ದೀನಿ ಮೇಡಂ. ಒಬ್ಬರನ್ನೂ ಬಿಟ್ಟಿಲ್ಲ."

"ಜನ ಏನಂತಾರೆ?"

"ಕೆಲವರು ತಡೆಯೋಕಾಗದೆ ಅಳ್ತಾರೆ."

"ಪಾಪ," ಎಂದರು ಮೇಡಂ ಮನಸ್ಸು ತುಂಬಿ. "ಇಷ್ಟು ದಿನ ಕೇಳೋರೇ ಇರಲಿಲ್ಲ ನೋಡಿ. ಕೇಳ್ತಾ ಇರಿ."

ಅಷ್ಟರಲ್ಲಿ ಊರಿನಲ್ಲಿ ಸುದ್ದಿ ಬೆಳೆದಿತ್ತು. ಗಿರಣಿಯ ಮಹಡಿಯ ಮೇಲೆ ಮಕ್ಕಳ ವಿಚಾರಣೆ ನಡೆಯುತ್ತಿದೆ, ಸರ್ಕಾರ ಒಬ್ಬ ದೊಡ್ಡ ಅಧಿಕಾರಿಯನ್ನು ಗುಟ್ಟಾಗಿ ಕೂರಿಸಿದೆ, ಸರಿಯಾಗಿ ಸಾಕಿದವರಿಗೆ ಏನೋ ಕೊಡುತ್ತಾರೆ, ಸಾಕದವರಿಂದ ಏನೋ ಕಿತ್ತುಕೊಳ್ಳುತ್ತಾರೆ. ಏನು ಕೊಡುತ್ತಾರೆ, ಏನು ಕಿತ್ತುಕೊಳ್ಳುತ್ತಾರೆ ಎಂಬುದು ಯಾರಿಗೂ ಖಚಿತವಿರಲಿಲ್ಲವಾದ್ದರಿಂದ ಎಲ್ಲರೂ ತಯಾರಿ ಮಾಡಿಕೊಂಡರು. ಕ್ಷೌರದಂಗಡಿಯಲ್ಲಿ ಸೋಪು ಹಚ್ಚಿಸಿಕೊಂಡು ಕುಳಿತ ಗಂಡಸರು ತಮ್ಮ ಮಕ್ಕಳ ತರಗತಿ, ಚಪ್ಪಲಿ ಅಳತೆ, ಮೇಷ್ಟರ ಹೆಸರು ಒಪ್ಪಿಸುತ್ತಿದ್ದರು. ತಪ್ಪಿದರೆ ಕ್ಷೌರಿಕ ತಿದ್ದುತ್ತಿದ್ದ. ಎಂದೂ ಮಗನ ಜೊತೆ ಮಾತಾಡದ ಬಡಗಿಯೊಬ್ಬ ಸಂಜೆ ಮಗನ ಪಕ್ಕ ಕೂತು, "ನಿನಗೆ ಯಾವ ಬಣ್ಣ ಇಷ್ಟ?" ಎಂದ. ಮಗ ಹೆದರಿ, ಅಪ್ಪನಿಗೆ ಜ್ವರ ಬಂದಿದೆಯೆಂದು ತಾಯಿಗೆ ಹೇಳಿದ.

ವಿಚಾರಣೆಗೆ ಒಳಗಾಗದವರಿಗೆ ಬೇರೆ ಕೊರಗು. ಎದುರುಮನೆಯವಳು ಬೇಲಿ ಹಿಡಿದು ನಿಂತು ಮನೆಯಾಕೆಯ ಹತ್ತಿರ ತೋಡಿಕೊಂಡಳು. "ನಮ್ಮ ಸೊಸೆನ ಗಂಟೆಗಟ್ಟಲೆ ಕೇಳಿದ್ರಂತೆ ನಿಮ್ಮನೆಯವರು. ನನ್ನನ್ನ ಒಂದು ಮಾತಾದ್ರೂ ಕೇಳೋದು ಬೇಡ್ವಾ? ಮೊಮ್ಮಗನ್ನ ಎತ್ತಿ ಆಡಿಸಿದವಳು ನಾನು!"

"ಕೇಳ್ತಾರೆ ಬಿಡಿ," ಎಂದಳು ಮನೆಯಾಕೆ ಹೆಮ್ಮೆಯಿಂದ. "ಈಗ ಅವರಿಗೆ ಕೇಳೋದು ಬಿಟ್ಟು ಬೇರೆ ಧ್ಯಾನವೇ ಇಲ್ಲ."

ಶನಿವಾರ ಮಧ್ಯಾಹ್ನ ಸಾಹೇಬರು ಪಾಳಿಗೆ ಬಂದಾಗ ಗಿರಣಿಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಉತ್ತರಗಳನ್ನು ತೆಗೆದುಕೊಂಡು ಜನ ಖುದ್ದಾಗಿ ಬಂದಿದ್ದರು. ಹಿಟ್ಟು ಮಾಡಿಸಲು ಬಂದವರೂ ಇದು ಯಾವುದೋ ಸಾಲು ಎಂದು ಡಬ್ಬ ಹಿಡಿದುಕೊಂಡೇ ನಿಂತಿದ್ದರು. ಗಿರಣಿಯವನು, "ಸಾಹೇಬ್ರೇ, ನನ್ನ ಗಿರಾಕಿನೆಲ್ಲ ನೀವೇ ಮೇಲೆ ಎಳ್ಕೋತಿದ್ದೀರಲ್ಲ!" ಎಂದು ಕೂಗಿದ.

ಮೊದಲು ಒಳಗೆ ಬಂದವಳು ಮೊದಲ ಕರೆಯ ತಾಯಿ. ಮಗು ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

"ಸಾರ್, ನೋಡ್ದೆ. ಎಡಗಡೆ."

"ಏನು ಎಡಗಡೆ?"

"ಅಳುವಾಗ ಮುಖ ಎಡಗಡೆ ಇರುತ್ತೆ ಸಾರ್. ನಾನೂ ನೋಡ್ದೆ, ನಮ್ಮೆಜಮಾನ್ರೂ ನೋಡಿದ್ರು, ನಮ್ಮತ್ತೇನೂ ನೋಡಿದ್ರು."

"ಬಹಳ ಒಳ್ಳೇದು," ಎಂದರು ಸಾಹೇಬರು.

ತಾಯಿ ಕಾದಳು. ಹಿಂದಿದ್ದವರೂ ಕಾದರು.

"ಹಾಗಿದ್ರೆ ಏನು ಸಾರ್?"

"ಹಾಗಿದ್ರೆ ಏನಿಲ್ಲ."

"ಎಡಗಡೆ ಇದ್ರೆ ಏನು ಮಾಡಬೇಕು, ಹೇಳಿ ಸಾರ್."

"ಹೇಳೋ ಹಾಗಿಲ್ಲಮ್ಮ," ಎಂದರು ಸಾಹೇಬರು. "ಅದು ನಿಯಮ. ನಾವಿಲ್ಲಿ ಹೇಳೋದಿಲ್ಲ. ಕೇಳ್ತೀವಿ ಅಷ್ಟೇ."

ಮಾತು ಮೆಟ್ಟಿಲಿಳಿದು ಬೀದಿಯವರೆಗೆ ಹೋಯಿತು. ಹೇಳೋದಿಲ್ಲವಂತೆ! ಮೂರು ದಿನ ಮಗುವಿನ ಮೂತಿ ಕಾದದ್ದು ಯಾಕಂತೆ? ಲಾರಿಯವನು ಮುಂದೆ ನುಗ್ಗಿದ. "ನಿಮ್ಮಿಂದ ನಾಲ್ಕು ದಿನದಿಂದ ನಾನು ಲಾರಿಯಲ್ಲೇ ಮಲಗ್ತಿದ್ದೀನಿ ಸಾರ್! ಈಗ ತರಗತಿ ಬಾಯಿಪಾಠ ಮಾಡ್ಕೊಂಡು ಬಂದಿದ್ದೀನಿ, ಅವಳಿಗೆ ಹೇಳಿ ಮನೆ ಬಾಗಿಲು ತೆಗೆಸಿ!"

"ಹೇಳೋ ಹಾಗಿಲ್ಲ."

ಈ ಗದ್ದಲದ ನಡುವೆ ಆರೋಗ್ಯ ಕಚೇರಿಯ ಗುಮಾಸ್ತ ಬಂದ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಯಾರೋ ತನ್ನ ಕಚೇರಿಗೆ ತಿಳಿಸದೆ ಮಕ್ಕಳ ಸಮೀಕ್ಷೆ ನಡೆಸುತ್ತಿದ್ದಾರೆಂದು ಅವನಿಗೆ ಸುದ್ದಿ ಮುಟ್ಟಿತ್ತು.

"ರೀ, ಇದನ್ನೆಲ್ಲ ಯಾರನ್ನ ಕೇಳಿ ಮಾಡ್ತಿದ್ದೀರಿ?" ಎಂದು ಗುಡುಗಿದ.

"ಎಲ್ಲರನ್ನೂ ಕೇಳಿಯೇ ಮಾಡ್ತಿದ್ದೀನಿ," ಎಂದರು ಸಾಹೇಬರು.

"ನಮ್ಮನ್ನ ಕೇಳಿಲ್ವಲ್ಲ!"

"ನಿಮಗೆ ಮಕ್ಕಳೆಷ್ಟು?"

"ಒಬ್ಬಳು ಮಗಳು. ಅದಲ್ಲ ವಿಷಯ..."

"ವಯಸ್ಸೆಷ್ಟು?"

"ಆರು. ರೀ, ನಾನು ಹೇಳ್ತಿರೋದು..."

"ನಿಜವಾಗಿ ಎಷ್ಟು?"

ಗುಮಾಸ್ತ ಬೆರಳು ಮಡಿಸಿ ಎಣಿಸತೊಡಗಿದ. ಎಣಿಕೆ ಮುಗಿಯುವ ಮೊದಲೇ ಬಾಗಿಲಲ್ಲಿ ಮೇಡಂ ಕಾಣಿಸಿಕೊಂಡರು. ಸಭೆ ಮುಗಿಸಿ, ಕೈಚೀಲ ಸಮೇತ ನೇರ ಬಂದಿದ್ದರು. ಎರಡೂ ಫೋನು ಹೊಡೆದುಕೊಳ್ಳುತ್ತಿದ್ದವು, ಯಾರೂ ಎತ್ತುತ್ತಿರಲಿಲ್ಲ.

"ಏನಿದು?"

ಎಲ್ಲರೂ ಒಟ್ಟಿಗೆ ಹೇಳಿದರು. ಮೇಡಂ ತಾವು ಕಲಿಸುತ್ತಿದ್ದಂತೆ ತಾವೇ ನಿಂತು, ನಡುವೆ ಬಾಯಿ ಹಾಕದೆ, ಒಬ್ಬೊಬ್ಬರದನ್ನೂ ಕೊನೆಯವರೆಗೆ ಆಲಿಸಿದರು. ಆಮೇಲೆ ಸಾಹೇಬರ ಕಡೆ ತಿರುಗಿದರು.

"ನಾನು ನಿಮಗೆ ಏನು ಹೇಳಿದ್ದೆ?"

"ಕೇಳಿ ಅಂದಿರಿ ಮೇಡಂ."

"ಕೇಳಿ ಅಂದ್ರೆ ಕೇಳಿಸ್ಕೊಳ್ಳಿ ಅಂತ! ಕಿವಿಯಿಂದ! ಬಾಯಿಂದ ಅಲ್ಲ!"

ಕೆಳಗೆ ಗಿರಣಿ ಅದೇ ಹೊತ್ತಿಗೆ ನಿಂತದ್ದರಿಂದ ಆ ಮಾತು ಬೀದಿಗೂ ಕೇಳಿಸಿತು. ಸಾಹೇಬರು ತಮ್ಮ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಇಷ್ಟು ವರ್ಷ ಕನ್ನಡಕದ ಕಡ್ಡಿ ಸಿಕ್ಕಿಸಲು ಮಾತ್ರ ಅದು ಬಳಕೆಯಾಗಿತ್ತು.

"ಎರಡಕ್ಕೂ ಒಂದೇ ಮಾತಿಟ್ಟಿದ್ದು ನನ್ನ ತಪ್ಪೇನು ಮೇಡಂ?" ಎಂದರು ಸಣ್ಣ ದನಿಯಲ್ಲಿ.

"ಅದೂ ಪ್ರಶ್ನೆಯೇ," ಎಂದರು ಮೇಡಂ. ಮೊದಲ ಕರೆಯ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದರು, ಲಾರಿಯವನ ಹೆಂಡತಿಗೆ ತಾವೇ ಫೋನು ಮಾಡುವುದಾಗಿ ಒಪ್ಪಿದರು. ಗುಮಾಸ್ತ, ಮಗಳಿಗೆ ಏಳು ನಡೆಯುತ್ತಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮೆಟ್ಟಿಲಿಳಿದ. ಸಾಹೇಬರಿಗೆ ಶಿಕ್ಷೆಯಾಯಿತು: ಅಪ್ಪಣೆ ಕೊಡುವವರೆಗೆ ಫೋನು ಮುಟ್ಟುವಂತಿಲ್ಲ, ಟೈಲರಮ್ಮನ ಪಕ್ಕ ಕುಳಿತು ಕಲಿಯಬೇಕು.

ಗದ್ದಲ ಕೇಳಿ ಮನೆಯಿಂದ ಓಡಿ ಬಂದಿದ್ದ ಟೈಲರಮ್ಮ ಅಲ್ಲಿಯೇ ಮೊದಲ ಪಾಠ ಮಾಡಿದಳು. "ಯಜಮಾನ್ರೇ, ಹೂಂ ಅನ್ನಿ."

"ಹೂಂ?"

"ಕೊನೇಲಿ ಎತ್ತಬೇಡಿ. ಎತ್ತಿದ್ರೆ ಪ್ರಶ್ನೆ ಆಗುತ್ತೆ. ಇಳಿಸಿ."

"ಹೂಂ..."

"ಹಾಂ, ಹಂಗೆ. ಪ್ರಶ್ನೆ ಬಾಯಿಗೆ ಬಂದ್ರೆ ಎಂಜಲು ನುಂಗಿ. ಅದರ ಜೊತೆ ಅದೂ ಇಳಿದುಹೋಗುತ್ತೆ."

ಸಾಹೇಬರು ಮನೆ ಮುಟ್ಟುವ ಮೊದಲೇ ಸುದ್ದಿ ಎದುರುಮನೆಯವಳ ಮೂಲಕ ಮುಟ್ಟಿತ್ತು. ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮನ್ನ ನಂಬಿ ನಾಳೆ ಬರ್ತೀವಿ ಅಂತ ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದೀನಿ. ಈಗ ಬೇಡ ಅಂದ್ರೆ ಅವಳು ಇನ್ನೊಂದು ತರ ನೊಂದ್ಕೋತಾಳೆ. ಕರ್ಕೊಂಡು ಹೋಗ್ತೀನಿ. ಆದ್ರೆ ಒಂದೇ ಒಂದು ಪ್ರಶ್ನೆ ಬಾಯಿಂದ ಬಿತ್ತೋ, ಆ ಮಗು ಶಾಲೆಗೆ ಹೋಗುವಾಗ ನೀವು ದೂರದಿಂದ ನೋಡೋದು. ಕೇಳಿಸ್ತಾ?"

"ಹೂಂ," ಎಂದರು ಸಾಹೇಬರು, ಇಳಿಸಿ.

ಭಾನುವಾರ ಮಗಳ ಮನೆಯಲ್ಲಿ ಎಲ್ಲರೂ ಸಿದ್ಧರಾಗಿದ್ದರು. ವೆಲ್ಡಿಂಗ್ ಕೆಲಸದ ಅಳಿಯ, ಮಾವ ಪ್ರಶ್ನೆ ಕೇಳಬಹುದಾದ ವಸ್ತುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದ. ಬೀಗಿತ್ತಿ ಮಗುವಿನ ಬಟ್ಟೆಗಳನ್ನು ಎರಡು ಸಲ ಮುಟ್ಟಿ ಒಣಗಿವೆಯೆಂದು ಖಚಿತ ಮಾಡಿಕೊಂಡಿದ್ದಳು. ಸಾಹೇಬರು ಒಳಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಮೊಮ್ಮಗಳನ್ನು ನೋಡಿದರು. ಎಡಗೆನ್ನೆಯ ಮೇಲೆ ಒಂದು ಕೆಂಪು ಚುಕ್ಕೆ. ಸಾಹೇಬರು ಎಂಜಲು ನುಂಗಿದರು. ಒಂದು ಕಾಲುಚೀಲ ಇದೆ, ಇನ್ನೊಂದು ಇಲ್ಲ. ನುಂಗಿದರು. ತೊಟ್ಟಿಲನ್ನು ಕಿಟಕಿಯ ಹತ್ತಿರದಿಂದ ಗೋಡೆಯ ಹತ್ತಿರಕ್ಕೆ ಸರಿಸಿದ್ದಾರೆ. ಗಂಟಲು ಒಣಗಿಹೋಯಿತು.

ಹೊತ್ತು ಕಳೆಯಿತು. ಬೀಗಿತ್ತಿ ಮೆಲ್ಲಗೆ ಮನೆಯಾಕೆಯ ಕಿವಿಯಲ್ಲಿ, "ಬೀಗರಿಗೆ ನಮ್ಮ ಮೇಲೆ ಕೋಪವಾ?" ಎಂದಳು. ಅಳಿಯ ಹೊರಗೆ ಹೋಗಿ ನೀರು ತಂದ. "ಮಾವ, ಮೈಯಲ್ಲಿ ಹುಷಾರಿಲ್ವಾ?"

"ಹೂಂ," ಎಂದರು ಸಾಹೇಬರು.

"ಡಾಕ್ಟರ ಹತ್ರ ಹೋಗೋಣ್ವಾ?"

"ಹೂಂ."

ಅಳಿಯ ಬೈಕಿನ ಕೀಲಿ ಹುಡುಕತೊಡಗಿದ. ಮನೆಯಾಕೆ ಅವನನ್ನು ತಡೆದು ಕೂರಿಸಿದಳು.

ಕೊನೆಗೆ ಸಹನೆ ಮೀರಿದ್ದು ಮಗಳಿಗೆ. "ಏನಪ್ಪಾ ಇದು? ಬಂದು ಇಷ್ಟೊತ್ತಾಯ್ತು. ಮಗು ಹೇಗಿದೆ ಅಂತ ಕೇಳಲಿಲ್ಲ, ನಾನು ಹೇಗಿದ್ದೀನಿ ಅಂತ ಕೇಳಲಿಲ್ಲ. ಅವತ್ತು ನಾನು ಅತ್ತಿದ್ದಕ್ಕೆ ಸಿಟ್ಟಾ?"

ಸಾಹೇಬರು ಮನೆಯಾಕೆಯ ಮುಖ ನೋಡಿದರು. ಅಲ್ಲಿ ಯಾವ ಅಪ್ಪಣೆಯೂ ಇರಲಿಲ್ಲ. "ಹೂಂ," ಎಂದುಬಿಟ್ಟರು, ಅದು ತಪ್ಪು ಉತ್ತರವೆಂದು ಹೊಳೆದು ಜೋರಾಗಿ ತಲೆ ಅಲ್ಲಾಡಿಸಿದರು.

ಮಗಳಿಗೆ ಕಣ್ಣು ತುಂಬಿತು. ಬಂದ ಮಾತು ನಿಲ್ಲಲಿಲ್ಲ. "ಬಂದವರೆಲ್ಲ ಹೇಳಿ ಹೋಗ್ತಾರೆ. ಹಾಗೆ ಎತ್ತಬೇಡ, ಹೀಗೆ ಮಲಗಿಸಬೇಡ. ನೆನ್ನೆ ತಲೆ ಬಾಚ್ಕೊಳ್ಳೋಣ ಅಂತ ಕೂತೆ, ಅರ್ಧ ಬಾಚೋ ಹೊತ್ತಿಗೆ ಇವಳು ಎದ್ಲು. ಉಳಿದರ್ಧ ಇವತ್ತು ಬಾಚಿದ್ದು. ಟೀ ಮಾಡ್ಕೋತೀನಿ, ಎಲ್ಲಿಟ್ಟೆ ಅಂತ ಮರೆತುಹೋಗುತ್ತೆ. ಮೊನ್ನೆ ಇವಳು ಅಳ್ತಿರೋವಾಗ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಸುಮ್ನೆ ನಿಂತಿದ್ದೆ ಅಪ್ಪ. ನಾನು ಕೆಟ್ಟ ತಾಯಿ ಅನ್ನಿಸ್ತು. ಯಾರಿಗೂ ಹೇಳಿಲ್ಲ." ಮೂಗು ಒರೆಸಿಕೊಂಡು ತಂದೆಯ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಎಂಜಲು ನುಂಗುತ್ತಿದ್ದರು. "ಅಪ್ಪಾ, ಕೇಳ್ತಿದ್ದೀರಾ?"

ಸಾಹೇಬರು ಬೆಚ್ಚಿಬಿದ್ದು ಎದ್ದು ನಿಂತರು. "ಇಲ್ಲಮ್ಮಾ! ನಿನ್ನಾಣೆಗೂ ಇಲ್ಲ! ಒಂದಕ್ಷರ ಕೇಳ್ತಿಲ್ಲ!"

"ಕೇಳ್ತಿಲ್ವಾ? ಇಷ್ಟು ಹೊತ್ತು ನಾನು ಗೋಡೆಗೆ ಹೇಳ್ತಿದ್ದೆನಾ?"

"ಅಯ್ಯೋ, ಕೇಳ್ದೆ ಕಣಮ್ಮ..."

"ಕೇಳಿದ್ರಾ!" ಎಂದಳು ಮನೆಯಾಕೆ ಆ ಕಡೆಯಿಂದ.

"ಇಲ್ವೇ, ಕೇಳಿಲ್ಲ!"

"ಕೇಳಿಲ್ವಾ!" ಎಂದಳು ಮಗಳು ಈ ಕಡೆಯಿಂದ.

ಸಾಹೇಬರು ಎರಡೂ ಕಡೆ ತಿರುಗಿ ತಿರುಗಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ಬೇರೆ ದಾರಿ ಕಾಣದೆ, ಬಸ್ಸಿನಲ್ಲಿ ಪ್ರಯಾಣಿಕನ ಹೇಳಿಕೆಯನ್ನು ಕಂಡಕ್ಟರಿಗೆ ಓದಿ ಹೇಳುತ್ತಿದ್ದ ಹಾಗೆ, ಬಾಯಿಪಾಠ ಒಪ್ಪಿಸತೊಡಗಿದರು. "ನೆನ್ನೆ ತಲೆ ಅರ್ಧ ಬಾಚಿದೆ. ಉಳಿದರ್ಧ ಇವತ್ತು. ಟೀ ಎಲ್ಲಿಟ್ಟೆ ಅಂತ ಮರೀತೀಯ. ಮೊನ್ನೆ ಬಚ್ಚಲ ಬಾಗಿಲು ಹಾಕ್ಕೊಂಡು ನಿಂತಿದ್ದೆ. ಯಾರಿಗೂ ಹೇಳಿಲ್ಲ. ಕೆಟ್ಟ ತಾಯಿ ಅನ್ನಿಸ್ತು." ಒಂದು ಕ್ಷಣ ನಿಂತು, ಅದರ ಕೊನೆಗೆ ತಮ್ಮದೊಂದು ಮಾತು ಸೇರಿಸಿದರು. "ಅದು ಮಾತ್ರ ತಪ್ಪು. ಉಳಿದದ್ದೆಲ್ಲ ಸರಿಯಾಗಿದೆ."

ಅಳಿಯ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಬಚ್ಚಲಿನ ಸಂಗತಿ ಅವನಿಗೂ ಹೊಸದು. ಮಗಳು ಅಳಲು ಹೋಗಿ ನಕ್ಕಳು. ನಗು ಬೀಗಿತ್ತಿಗೆ ಹತ್ತಿತು, ಆಮೇಲೆ ಮನೆಯಾಕೆಗೆ. ಮಗು ಎದ್ದು ಮುಖ ಕಿವುಚಿತು.

ಮಗಳು ಅದನ್ನು ಎತ್ತಿ ತಂದು ತಂದೆಯ ಕೈಯಲ್ಲಿಟ್ಟಳು. "ಹಿಡ್ಕೊಳ್ಳಿ. ನಾನು ಸ್ವಲ್ಪ ಮಲಗ್ತೀನಿ." ಪಕ್ಕ ಇದ್ದ ಮಂಚದ ಮೇಲೆ ಹಾಗೇ ಒರಗಿದಳು. ಕಣ್ಣು ಮುಚ್ಚಿಕೊಂಡೇ ಶುರುಮಾಡಿದಳು. "ಅಪ್ಪಾ, ನಾಳೆ ಎಷ್ಟೊತ್ತಿಗೆ ಬರ್ತೀರಿ? ಬೆಳಿಗ್ಗೆನೋ, ಸಂಜೆನೋ? ಒಬ್ರೇ ಬರ್ತೀರೋ, ಅಮ್ಮನ ಜೊತೆನೋ? ಊಟ ಇಲ್ಲೇ ಮಾಡ್ತೀರಾ? ಮಾಡೋದಿಲ್ಲ ಅಂದ್ರೆ ಯಾಕೆ?"

"ಈ ಮನೇಲಿ ಚೆಕಿಂಗಿಗೆ ಇನ್ನೊಬ್ಬರು ತಯಾರಾಗಿದ್ದಾರೆ," ಎಂದ ಅಳಿಯ.

ಸಾಹೇಬರು ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಗಳಿಗೆ ನಿದ್ದೆ ಹತ್ತಿತ್ತು. ಕೈಯಲ್ಲಿದ್ದ ಮಗು ಅವರನ್ನು ಒಂದಿಷ್ಟು ಹೊತ್ತು ನೆಟ್ಟ ಕಣ್ಣಿನಿಂದ ನೋಡಿ, ಅವರಿಂದ ಏನೂ ಬರುವುದಿಲ್ಲವೆಂದು ತೀರ್ಮಾನಿಸಿದ ಹಾಗೆ ಆಕಳಿಸಿತು.

ಹೊತ್ತು ಇಳಿಯಿತು. ಮನೆಯಾಕೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ರೀ, ಹೊರಡೋಣ್ವಾ?" ಎಂದಳು. ಮಗು ನಿದ್ದೆಹೋಗಿದ್ದ ಸಾಹೇಬರ ಎಡಗೈ ಜೋಮು ಹಿಡಿದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವರು ಅಲ್ಲಾಡಲಿಲ್ಲ. ಮನೆಯಾಕೆ ಇನ್ನೊಮ್ಮೆ ಕೇಳಲು ಬಾಯಿ ತೆರೆದವಳು, ಮಲಗಿದ್ದ ಮಗಳನ್ನು ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತಳು.